ಸುರುಳಿಯಲ್ಲಿ ಶಕ್ತಿ ಕಂಡ ಶಾಲಾ ಮೇಷ್ಟ್ರು: ಜೋಸೆಫ್ ಹೆನ್ರಿ

ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆಲ್ಲ ಹೆನ್ರಿ ಎಂಬ ಹೆಸರು ಗೊತ್ತು. ವೋಲ್ಟ್, ಆಂಪಿಯರ್, ಓಮ್, ಫ್ಯಾರಡ್ ಇವುಗಳ ಸಾಲಿನಲ್ಲಿ ಬರುವ ಒಂದು ಮಾನ ಅದು. ಲೆಕ್ಕ ಬಿಡಿಸಿದ ಮೇಲೆ ಉತ್ತರದ ಪಕ್ಕದಲ್ಲಿ ಅದನ್ನು ಬರೆಯದಿದ್ದರೆ ಅಂಕ ಕಳೆಯುತ್ತಾರೆ ಎಂಬಲ್ಲಿಗೆ ನಮ್ಮಲ್ಲಿ ಹೆಚ್ಚಿನವರ ಪರಿಚಯ ಮುಗಿಯುತ್ತದೆ. ಆ ಹೆಸರಿನ ಹಿಂದೆ ಒಬ್ಬ ಕೂಲಿಕಾರನ ಮಗನಿದ್ದ, ಆತ ಮುಂದೆ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರಾದ, ತನ್ನ ದೊಡ್ಡ ಶೋಧಗಳನ್ನು ಆ ಶಾಲೆಯ ಕೊಠಡಿಯಲ್ಲೇ ರಜೆಯ ದಿನಗಳಲ್ಲಿ ಮಾಡಿದ ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ನಮ್ಮ ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಆ ಮೇಷ್ಟ್ರ ಬದುಕನ್ನು ನೆನೆಯುವುದು ಸೂಕ್ತವೆಂದು ಭಾವಿಸಿ ಈ ಲೇಖನ ಬರೆಯುತ್ತಿದ್ದೇನೆ.

ಇನ್ನೊಂದು ಕಾರಣವೂ ಇದೆ. ಇಂದು ನಮ್ಮ ಕೈಯಲ್ಲಿರುವ ಮೊಬೈಲು, ಮನೆಯ ಮೇಲಿನ ಸೋಲಾರ್ ದೀಪ, ಗಾಡಿಯಲ್ಲಿ ಫೋನು ಚಾರ್ಜು ಮಾಡುವ ಪುಟ್ಟ ಡಬ್ಬಿ ಇವುಗಳಲ್ಲೆಲ್ಲ ವೋಲ್ಟೇಜನ್ನು ಏರಿಸುವ, ಇಳಿಸುವ ಒಂದು ಚಿಪ್ ಇರುತ್ತದೆ. ಇಂಗ್ಲಿಷಿನಲ್ಲಿ ಇಳಿಸುವುದಕ್ಕೆ ಬಕ್ ಎಂದೂ ಏರಿಸುವುದಕ್ಕೆ ಬೂಸ್ಟ್ ಎಂದೂ ಕರೆಯುವುದರಿಂದ, ಎರಡನ್ನೂ ಮಾಡುವ ಚಿಪ್ಪಿಗೆ ಬಕ್-ಬೂಸ್ಟ್ ಪರಿವರ್ತಕ ಎಂಬ ಹೆಸರು ಬಂದಿದೆ. ಆ ಚಿಪ್ ಕೆಲಸ ಮಾಡುವುದು ಹೆನ್ರಿ ಮೇಷ್ಟ್ರು ಸುಮಾರು 190 ವರ್ಷಗಳ ಹಿಂದೆ ಕಂಡ ಒಂದು ಸಣ್ಣ ಕಿಡಿಯ ತತ್ವದ ಮೇಲೆ.

ಬಡತನದ ಬಾಲ್ಯ

ಜೋಸೆಫ್ ಹೆನ್ರಿ ಹುಟ್ಟಿದ್ದು 1797ರ ಡಿಸೆಂಬರ್ 17ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಲ್ಬನಿ ಪಟ್ಟಣದಲ್ಲಿ. ತಂದೆ ವಿಲಿಯಂ, ತಾಯಿ ಆನ್. ಇಬ್ಬರೂ ಸ್ಕಾಟ್ಲೆಂಡ್ ಮೂಲದವರು. ತಂದೆಯದು ದಿನಗೂಲಿಯ ದುಡಿಮೆ, ಆರೋಗ್ಯವೂ ಅಷ್ಟಕ್ಕಷ್ಟೆ. ಮನೆಯಲ್ಲಿ ಸಾಗದೆ ಹುಡುಗನನ್ನು ಗಾಲ್ವೇ ಎಂಬ ಹಳ್ಳಿಯಲ್ಲಿದ್ದ ಅಜ್ಜಿಯ ಮನೆಗೆ ಕಳಿಸಿದರು. ಅಲ್ಲಿ ಹಳ್ಳಿಯ ಶಾಲೆ. ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ಚಿಲ್ಲರೆ ಕೆಲಸ. ಹುಡುಗ ಹದಿಹರೆಯಕ್ಕೆ ಬರುವ ಹೊತ್ತಿಗೆ ತಂದೆ ತೀರಿಕೊಂಡಿದ್ದರು.

ಓದಿನ ರುಚಿ ಹತ್ತಿದ್ದರ ಬಗ್ಗೆ ಅವರ ಚರಿತ್ರೆ ಬರೆದವರೆಲ್ಲ ಒಂದು ಪ್ರಸಂಗ ಹೇಳುತ್ತಾರೆ. ಸಾಕಿದ ಮೊಲವೊಂದು ತಪ್ಪಿಸಿಕೊಂಡು ಹಳ್ಳಿಯ ಚರ್ಚಿನ ಅಡಿಪಾಯದ ಸಂದಿಗೆ ನುಗ್ಗಿತು. ಹುಡುಗನೂ ಅದರ ಹಿಂದೆ ತೆವಳಿಕೊಂಡು ಹೋದ. ಒಂದು ಕಡೆ ನೆಲದ ಹಲಗೆ ಕಿತ್ತಿತ್ತು. ಅಲ್ಲಿಂದ ಮೇಲೆ ಹತ್ತಿ ನೋಡಿದರೆ ಪುಸ್ತಕಗಳ ಕಪಾಟು! ಊರಿನವರು ಇಟ್ಟುಕೊಂಡಿದ್ದ ಪುಟ್ಟ ಗ್ರಂಥಾಲಯ ಅದು. ಅಂದಿನಿಂದ ಮೊಲದ ದಾರಿಯೇ ಅವನ ದಾರಿಯಾಯಿತು. ಕಥೆ, ಕಾದಂಬರಿ ಸಿಕ್ಕಿದ್ದೆಲ್ಲ ಓದಿದ.

ಹದಿಮೂರರ ಸುಮಾರಿಗೆ ಆಲ್ಬನಿಗೆ ಮರಳಿ ಗಡಿಯಾರ ಮತ್ತು ಬೆಳ್ಳಿ ಕೆಲಸದವರೊಬ್ಬರ ಬಳಿ ಕೆಲಸ ಕಲಿಯಲು ಸೇರಿದ. ಸೂಕ್ಷ್ಮವಾದ ಕೈಕೆಲಸ ಅಲ್ಲಿ ಕೈಗೆ ಬಂತು. ಮನಸ್ಸು ಮಾತ್ರ ನಾಟಕದ ಕಡೆಗಿತ್ತು. ಬಣ್ಣ ಹಚ್ಚುವುದು, ನಾಟಕ ಬರೆಯುವುದು, ರಂಗದ ಮೇಲೆ ಯಂತ್ರಗಳಿಂದ ಚಮತ್ಕಾರ ತೋರಿಸುವುದು ಅವನಿಗೆ ಇಷ್ಟ. ಇನ್ನೇನು ನಟನಾಗಿ ಹೋಗುತ್ತಾನೆ ಎನ್ನುವಾಗ, ಹದಿನಾರನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ಕೆಲವು ದಿನ ಮನೆಯಲ್ಲೇ ಇರಬೇಕಾಯಿತು. ತಾಯಿ ಮನೆಯಲ್ಲಿ ಬಾಡಿಗೆಗೆ ಜನರನ್ನು ಇರಿಸಿಕೊಂಡು ಜೀವನ ನಡೆಸುತ್ತಿದ್ದರು. ಅವರಲ್ಲೊಬ್ಬರು ಮೇಜಿನ ಮೇಲೆ ಬಿಟ್ಟಿದ್ದ ವಿಜ್ಞಾನದ ಪುಸ್ತಕವೊಂದನ್ನು ಹುಡುಗ ಕೈಗೆತ್ತಿಕೊಂಡ. ಜಾರ್ಜ್ ಗ್ರೆಗರಿ ಎಂಬುವರು ಸಾಮಾನ್ಯರಿಗಾಗಿ ಬರೆದ ಪುಸ್ತಕ. ಮೇಲಕ್ಕೆ ಎಸೆದ ಕಲ್ಲು ಏಕೆ ಕೆಳಗೆ ಬೀಳುತ್ತದೆ ಎಂಬಂಥ ದಿನನಿತ್ಯದ ಪ್ರಶ್ನೆಗಳನ್ನು ಕೇಳುವ ಪುಸ್ತಕ. ಹುಡುಗನ ದಾರಿ ಬದಲಾಯಿತು. ಆ ಬಾಡಿಗೆದಾರ ಅದನ್ನು ಅವನಿಗೇ ಕೊಟ್ಟುಬಿಟ್ಟರು. ಹೆನ್ರಿ ಅದನ್ನು ಜೀವನಪೂರ್ತಿ ಕಾಪಾಡಿಕೊಂಡರು.

ಅರವತ್ತು ಹುಡುಗರ ತರಗತಿ

1819ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ತನಗಿಂತ ಎಷ್ಟೋ ಚಿಕ್ಕವರ ಜೊತೆ ಹೆನ್ರಿ ಆಲ್ಬನಿ ಅಕಾಡೆಮಿ ಎಂಬ ಶಾಲೆಗೆ ಸೇರಿದರು. ಅವರಿಗೆ ಶುಲ್ಕ ಮಾಫಿಯಾಗಿತ್ತು. ಆದರೂ ಹೊಟ್ಟೆಪಾಡಿಗೆ ಹಳ್ಳಿ ಶಾಲೆಯಲ್ಲಿ ಪಾಠ ಹೇಳಿದರು, ಸಿರಿವಂತರ ಮನೆ ಮಕ್ಕಳಿಗೆ ಮನೆಪಾಠ ಮಾಡಿದರು. ವೈದ್ಯರಾಗಬೇಕೆಂಬ ಆಸೆ ಇತ್ತು. ನಡುವೆ ಹಡ್ಸನ್ ನದಿಯಿಂದ ಈರಿ ಸರೋವರದವರೆಗಿನ ರಸ್ತೆಯ ಸರ್ವೇ ಕೆಲಸಕ್ಕೆ ಹೋದರು. 1826ರಲ್ಲಿ ತಾವು ಓದಿದ ಶಾಲೆಯೇ ಅವರನ್ನು ಗಣಿತ ಮತ್ತು ವಿಜ್ಞಾನದ ಮೇಷ್ಟ್ರಾಗಿ ಕರೆಯಿತು.

ನಮ್ಮ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಅವರ ದಿನಚರಿ ಹೊಸದೆನಿಸಲಾರದು. ದಿನಕ್ಕೆ ಸರಾಸರಿ ಏಳು ಗಂಟೆ ಪಾಠ. ಅದರಲ್ಲಿ ಅರ್ಧ ಸಮಯ ಮೇಲಿನ ತರಗತಿಯ ಗಣಿತ. ಉಳಿದರ್ಧ ಅರವತ್ತು ಹುಡುಗರ ಒಂದು ತರಗತಿಗೆ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು. ಪ್ರಯೋಗಾಲಯ ಎಂದು ಪ್ರತ್ಯೇಕವಾಗಿ ಇರಲಿಲ್ಲ. ಪಾಠ ನಡೆಯುವ ದೊಡ್ಡ ಕೊಠಡಿಯೇ ಗತಿ. ಅದು ಖಾಲಿಯಾಗುವುದು ಆಗಸ್ಟ್ ತಿಂಗಳ ರಜೆಯಲ್ಲಿ ಮಾತ್ರ. ಆದ್ದರಿಂದ ದೊಡ್ಡ ಪ್ರಯೋಗಗಳಿಗೆ ಅವರಿಗೆ ಸಿಗುತ್ತಿದ್ದುದು ವರ್ಷಕ್ಕೆ ಒಂದೇ ತಿಂಗಳು. ಶಾಲೆ ಶುರುವಾಗುವ ಹಿಂದಿನ ದಿನ ತಂತಿ, ಬ್ಯಾಟರಿ, ಕಬ್ಬಿಣ ಎಲ್ಲವನ್ನೂ ಎತ್ತಿಟ್ಟು ಬೆಂಚು ಹಾಕಬೇಕು.

ರೇಷ್ಮೆ ಸುತ್ತಿದ ತಂತಿ

ಆ ಕಾಲಕ್ಕೆ ವಿದ್ಯುತ್ಕಾಂತ ಹೊಸ ವಸ್ತು. ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ 1825ರಲ್ಲಿ ಲಾಳದ ಆಕಾರದ ಕಬ್ಬಿಣಕ್ಕೆ ತಾಮ್ರದ ತಂತಿ ಸುತ್ತಿ, ಅದರಲ್ಲಿ ವಿದ್ಯುತ್ ಹರಿಸಿ, ಅದು ಕಬ್ಬಿಣ ಎತ್ತುವುದನ್ನು ತೋರಿಸಿದ್ದರು. ಅವರ ತಂತಿಗೆ ಹೊದಿಕೆ ಇರಲಿಲ್ಲ. ಒಂದು ಸುತ್ತು ಇನ್ನೊಂದಕ್ಕೆ ತಗುಲಬಾರದೆಂದು ದೂರ ದೂರ ಸುತ್ತಬೇಕಾಗಿತ್ತು. ಹಾಗಾಗಿ ಕೆಲವೇ ಸುತ್ತು ಹಿಡಿಯುತ್ತಿತ್ತು, ಬಲವೂ ಕಡಿಮೆ.

ಹೆನ್ರಿ ಕಬ್ಬಿಣಕ್ಕೆ ಹೊದಿಕೆ ಹಾಕುವ ಬದಲು ತಂತಿಗೇ ರೇಷ್ಮೆಯ ಹೊದಿಕೆ ಹಾಕಿದರು. ಇನ್ನು ಸುತ್ತಿನ ಪಕ್ಕಕ್ಕೆ ಸುತ್ತು, ಪದರದ ಮೇಲೆ ಪದರ ಒತ್ತಾಗಿ ಸುತ್ತಬಹುದು. ಮಾರುಗಟ್ಟಲೆ ತಂತಿಗೆ ಕೈಯಿಂದಲೇ ರೇಷ್ಮೆ ಸುತ್ತುವುದೆಂದರೆ ತಾಳ್ಮೆಯ ಕೆಲಸ. ಗಡಿಯಾರದ ಅಂಗಡಿಯಲ್ಲಿ ಪಳಗಿದ ಕೈ ಅದಕ್ಕೆ ಸಾಕಾಯಿತು. ಸುಮಾರು 21 ಪೌಂಡ್, ಅಂದರೆ 10 ಕಿಲೋಗೂ ಕಡಿಮೆ ತೂಕದ ಕಬ್ಬಿಣದಿಂದ 750 ಪೌಂಡ್, ಅಂದರೆ ಸುಮಾರು 340 ಕಿಲೋ ಎತ್ತಿದರು. 1831ರಲ್ಲಿ ಯೇಲ್ ಕಾಲೇಜಿಗಾಗಿ ಮಾಡಿಕೊಟ್ಟ ವಿದ್ಯುತ್ಕಾಂತ 2,000 ಪೌಂಡಿಗೂ ಹೆಚ್ಚು, ಅಂದರೆ 9 ಕ್ವಿಂಟಾಲಿಗೂ ಮೀರಿದ ಭಾರ ಹೊತ್ತು ನಿಂತಿತು. ಅದಕ್ಕೆ ಬಳಸಿದ ಬ್ಯಾಟರಿ ಮಾತ್ರ ಸಾಧಾರಣದ್ದು.

ಅಷ್ಟಕ್ಕೇ ನಿಲ್ಲಲಿಲ್ಲ. ಯಾವ ಬ್ಯಾಟರಿಗೆ ಯಾವ ಸುರುಳಿ ಒಗ್ಗುತ್ತದೆ ಎಂಬುದನ್ನು ಸಹನೆಯಿಂದ ಪರೀಕ್ಷಿಸಿದರು. ಭಾರ ಎತ್ತಬೇಕಾದರೆ ಗಿಡ್ಡ ತಂತಿಯ ಹಲವು ಸುರುಳಿಗಳನ್ನು ಒಂದೇ ದೊಡ್ಡ ಬ್ಯಾಟರಿ ಕೋಶಕ್ಕೆ ಸಮಾಂತರವಾಗಿ ಜೋಡಿಸಬೇಕು. ದೂರಕ್ಕೆ ಸಂಕೇತ ಕಳಿಸಬೇಕಾದರೆ ಉದ್ದ ತಂತಿಯ ಒಂದೇ ಸುರುಳಿಗೆ ಹಲವು ಕೋಶಗಳನ್ನು ಸಾಲಾಗಿ ಜೋಡಿಸಬೇಕು ಎಂದು ಕಂಡುಕೊಂಡರು. ಅಕಾಡೆಮಿಯ ಕೊಠಡಿಯ ಗೋಡೆಗಳ ಸುತ್ತ ಒಂದು ಮೈಲಿಗೂ ಹೆಚ್ಚು ತಂತಿ ಎಳೆದು, ಒಂದು ತುದಿಯಲ್ಲಿ ವಿದ್ಯುತ್ ಕೊಟ್ಟು ಇನ್ನೊಂದು ತುದಿಯಲ್ಲಿ ಗಂಟೆ ಬಾರಿಸಿದರು. ಮೋರ್ಸ್ ಅವರ ಟೆಲಿಗ್ರಾಫ್ ಲೋಕದ ಮುಂದೆ ಬರಲು ಇನ್ನೂ ಹಲವು ವರ್ಷಗಳಿದ್ದವು. ಅದೇ 1831ರಲ್ಲಿ ವಿದ್ಯುತ್ಕಾಂತದ ಬಲದಿಂದ ನಿಮಿಷಕ್ಕೆ 75 ಸಲ ತೂಗುವ ತೊಲೆಯೊಂದನ್ನೂ ಮಾಡಿದರು. ಅದು ಇಂದಿನ ಮೋಟಾರುಗಳ ಅಜ್ಜ.

ತಡವಾದ ಪ್ರಕಟಣೆ, ತಪ್ಪದ ಕಿಡಿ

ವಿದ್ಯುತ್ತಿನಿಂದ ಕಾಂತ ಹುಟ್ಟುತ್ತದೆ ಎಂದ ಮೇಲೆ ಕಾಂತದಿಂದ ವಿದ್ಯುತ್ ಹುಟ್ಟಿಸಬಹುದೇ? ಆ ಕಾಲದ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆ ಇದು. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ, ಅವರೂ ಬಡವರ ಮನೆಯಿಂದಲೇ ಬಂದವರು, 1831ರ ಆಗಸ್ಟ್ 29ರಂದು ಉತ್ತರ ಕಂಡರು. ನವೆಂಬರಿನಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟರು. ಹೆನ್ರಿಯೂ ಅದೇ ವಿದ್ಯಮಾನವನ್ನು ತಮ್ಮಷ್ಟಕ್ಕೆ ಕಂಡಿದ್ದರು. ಆದರೆ ಇನ್ನಷ್ಟು ದೊಡ್ಡ ಉಪಕರಣ ಕಟ್ಟಿ, ಪೂರ್ತಿ ಖಚಿತ ಮಾಡಿಕೊಂಡು ಬರೆಯೋಣ ಎಂದಿದ್ದರು. ರಜೆ ಮುಗಿಯಿತು, ಶಾಲೆ ತೆರೆಯಿತು, ಕೊಠಡಿ ಹುಡುಗರ ಪಾಲಾಯಿತು. 1832ರಲ್ಲಿ ಫ್ಯಾರಡೆಯವರ ಸುದ್ದಿ ಪತ್ರಿಕೆಯಲ್ಲಿ ಓದಿದ ಮೇಲೆ ಆತುರಾತುರವಾಗಿ ತಮ್ಮ ಲೇಖನ ಸಿದ್ಧಪಡಿಸಿದರು. ಅದು ಅದೇ ವರ್ಷದ ಜುಲೈನಲ್ಲಿ ಅಮೆರಿಕದ ವಿಜ್ಞಾನ ಪತ್ರಿಕೆಯಲ್ಲಿ ಬಂತು. ವಿದ್ಯುತ್ಕಾಂತೀಯ ಪ್ರೇರಣೆಯ ಶೋಧ ಫ್ಯಾರಡೆಯವರದು ಎಂದು ಲೋಕ ಒಪ್ಪಿತು. ಮೊದಲು ಪ್ರಕಟಿಸಿದವರಿಗೆ ಮನ್ನಣೆ ಎಂಬುದು ವಿಜ್ಞಾನದ ನಿಯಮ. ಹೆನ್ರಿ ಅದರ ಬಗ್ಗೆ ಜಗಳಕ್ಕೆ ಹೋಗಲಿಲ್ಲ. ತಡಮಾಡಿದ್ದಕ್ಕೆ ಮಾತ್ರ ಕೊನೆಯವರೆಗೂ ಕೊರಗಿದರು.

ಆದರೆ ಆ ಅವಸರದ ಲೇಖನದ ಕೊನೆಯಲ್ಲಿ ಇನ್ನೊಂದು ಸಂಗತಿ ಇತ್ತು. ಅದನ್ನು ಫ್ಯಾರಡೆಯೂ ಆಗ ಕಂಡಿರಲಿಲ್ಲ. ಬ್ಯಾಟರಿಯ ಎರಡು ತುದಿಗಳನ್ನು ಗಿಡ್ಡ ತಂತಿಯಿಂದ ಸೇರಿಸಿ ಬಿಡಿಸಿದರೆ ಕಿಡಿ ಕಾಣುವುದಿಲ್ಲ. ಮೂವತ್ತು ನಲವತ್ತು ಅಡಿ ಉದ್ದದ ತಂತಿಯಿಂದ ಸೇರಿಸಿ ಬಿಡಿಸಿದರೆ ಬಿಡಿಸುವ ಕ್ಷಣದಲ್ಲಿ ಚಟ್ಟನೆ ಕಿಡಿ ಹಾರುತ್ತದೆ. ಅದೇ ತಂತಿಯನ್ನು ಸುರುಳಿ ಸುತ್ತಿದರೆ ಕಿಡಿ ಇನ್ನೂ ಜೋರು. ಬ್ಯಾಟರಿ ಅದೇ, ತಂತಿಯೂ ಅದೇ. ಹಾಗಾದರೆ ಹೆಚ್ಚಿನ ಈ ಬಲ ಎಲ್ಲಿಂದ ಬಂತು?

ಸುರುಳಿಯಿಂದಲೇ ಬಂತು ಎಂಬುದು ಹೆನ್ರಿ ಕಂಡುಕೊಂಡ ಉತ್ತರ. ಸುರುಳಿಯಲ್ಲಿ ವಿದ್ಯುತ್ ಹರಿಯುವಾಗ ಅದರ ಸುತ್ತ ಕಾಂತಕ್ಷೇತ್ರ ಕಟ್ಟುತ್ತದೆ. ಅದರಲ್ಲಿ ಶಕ್ತಿ ಕೂಡಿರುತ್ತದೆ. ಪ್ರವಾಹವನ್ನು ಥಟ್ಟನೆ ಕತ್ತರಿಸಿದರೆ ಕಾಂತಕ್ಷೇತ್ರ ಕುಸಿಯುತ್ತದೆ. ಕುಸಿಯುವಾಗ ಅದೇ ಸುರುಳಿಯಲ್ಲಿ ವಿಭವ ಹುಟ್ಟಿಸಿ, ನಿಲ್ಲುತ್ತಿರುವ ಪ್ರವಾಹವನ್ನು ಮುಂದಕ್ಕೆ ತಳ್ಳುತ್ತದೆ. ತುಂಬಿ ಓಡುತ್ತಿರುವ ಎತ್ತಿನ ಗಾಡಿಯ ಎತ್ತುಗಳನ್ನು ಒಮ್ಮೆಗೇ ಹಿಡಿದು ನಿಲ್ಲಿಸಿದರೂ ಗಾಡಿ ಮುಂದಕ್ಕೆ ನುಗ್ಗುವುದಿಲ್ಲವೇ, ಹಾಗೆ. ಇದಕ್ಕೆ ಸ್ವಪ್ರೇರಣೆ ಎಂದು ಹೆಸರು. ಎಷ್ಟು ಬೇಗ ಕತ್ತರಿಸಿದರೆ ವಿಭವ ಅಷ್ಟು ಹೆಚ್ಚು. ಫ್ಯಾರಡೆ ಇದನ್ನು ಸ್ವತಂತ್ರವಾಗಿ ಕಂಡದ್ದು ಎರಡು ವರ್ಷಗಳ ನಂತರ.

ಆ ಕಿಡಿ ಇಂದು ಎಲ್ಲಿದೆ

ಇದು ಯಾರೋ ದೂರದವರ ಪ್ರಯೋಗ ಎಂದು ಅಂದುಕೊಳ್ಳಬೇಕಾಗಿಲ್ಲ. ನಮ್ಮ ಮನೆಗಳ ಹಳೆಯ ಟ್ಯೂಬ್‌ಲೈಟಿನಲ್ಲಿ ಚೋಕು ಮತ್ತು ಸ್ಟಾರ್ಟರ್ ಇರುತ್ತಿತ್ತಲ್ಲ, ಆ ಚೋಕು ಹೆನ್ರಿಯ ಸುರುಳಿಯೇ. ಸ್ಟಾರ್ಟರು ಒಳಗೇ ಸಂಪರ್ಕ ಕತ್ತರಿಸಿದ ಕ್ಷಣ ಚೋಕು ನೂರಾರು ವೋಲ್ಟಿನ ಒಂದು ಹೊಡೆತ ಕೊಡುತ್ತದೆ. ಅದರಿಂದ ಟ್ಯೂಬು ಹೊತ್ತಿಕೊಳ್ಳುತ್ತದೆ. ಪಾಯಿಂಟ್ ಇದ್ದ ಹಳೆಯ ಬೈಕುಗಳಲ್ಲಿ ಇಗ್ನಿಷನ್ ಕಾಯಿಲ್ ಪ್ಲಗ್ಗಿಗೆ ಕಿಡಿ ಕೊಡುತ್ತಿದ್ದುದೂ ಇದೇ ಬಗೆಯಲ್ಲಿ.

ಈಗ ಮೊದಲು ಹೇಳಿದ ಚಿಪ್ಪಿಗೆ ಬರೋಣ. ಮೊಬೈಲಿನಲ್ಲೂ ಟಾರ್ಚಿನಲ್ಲೂ ಇರುವ ಲಿಥಿಯಂ ಬ್ಯಾಟರಿ ತುಂಬಿದಾಗ 4.2 ವೋಲ್ಟ್, ಬರಿದಾಗುವಾಗ ಸುಮಾರು 3 ವೋಲ್ಟ್. ಒಳಗಿನ ಸರ್ಕ್ಯೂಟಿಗೆ ಬೇಕಾದದ್ದು, ಉದಾಹರಣೆಗೆ, ಸದಾ 3.3 ವೋಲ್ಟ್. ಅಂದರೆ ಬೆಳಿಗ್ಗೆ ವೋಲ್ಟೇಜ್ ಇಳಿಸಬೇಕು, ಸಂಜೆ ಏರಿಸಬೇಕು. ಮನೆಯ ಟಿವಿಗೆ ಇಟ್ಟ ಸ್ಟೆಬಿಲೈಸರ್ ಮಾಡುವ ಕೆಲಸವೇ ಇದು. ಆದರೆ ಅದು ಎಸಿ ಕರೆಂಟಿಗೆ ಸರಿ. ಅದರೊಳಗಿನ ಟ್ರಾನ್ಸ್‌ಫಾರ್ಮರ್ ಬ್ಯಾಟರಿಯ ಡಿಸಿಯಲ್ಲಿ ನಡೆಯುವುದಿಲ್ಲ. ಹೆಚ್ಚಾದ ವೋಲ್ಟೇಜನ್ನು ಬಿಸಿಯಾಗಿಸಿ ಸುಟ್ಟು ಕಳೆಯುವ ರೆಗ್ಯುಲೇಟರುಗಳೂ ಇವೆ. ಅವುಗಳಲ್ಲಿ ಬ್ಯಾಟರಿ ವ್ಯರ್ಥ. ಮೇಲಾಗಿ ಅವು ಏರಿಸಲಾರವು.

ಬಕ್-ಬೂಸ್ಟ್ ಚಿಪ್ ಹೀಗೆ ಕೆಲಸ ಮಾಡುತ್ತದೆ. ಒಳಗಿನ ಸ್ವಿಚ್ ಮೊದಲು ಬ್ಯಾಟರಿಯನ್ನು ಸುರುಳಿಗೆ ಜೋಡಿಸುತ್ತದೆ. ಸುರುಳಿಯಲ್ಲಿ ಶಕ್ತಿ ತುಂಬುತ್ತದೆ. ಮರುಕ್ಷಣ ಆ ಸಂಪರ್ಕ ಕತ್ತರಿಸಿ ಸುರುಳಿಯನ್ನು ಹೊರಗಿನ ಕೆಪಾಸಿಟರಿನ ಕಡೆ ತಿರುಗಿಸುತ್ತದೆ. ಹೆನ್ರಿ ಕಂಡ ಕಿಡಿ ಗಾಳಿಯಲ್ಲಿ ಹಾರಿಹೋಗುವ ಬದಲು ಕೆಪಾಸಿಟರಿನಲ್ಲಿ ಶೇಖರವಾಗುತ್ತದೆ. ಬಾವಿಯಿಂದ ಕೊಡದಲ್ಲಿ ಸೇದಿ ತೊಟ್ಟಿಗೆ ಸುರಿದಂತೆ: ಸೇದುವುದು ಬಿಟ್ಟು ಬಿಟ್ಟು ನಡೆದರೂ ತೊಟ್ಟಿಯ ನಲ್ಲಿಯಲ್ಲಿ ನೀರು ಒಂದೇ ಸಮ ಬರುತ್ತದೆ. ಹೊರಬರುವ ವೋಲ್ಟೇಜನ್ನು ನಿರ್ಧರಿಸುವುದು ತುಂಬುವ ಸಮಯಕ್ಕೂ ಸುರಿಯುವ ಸಮಯಕ್ಕೂ ಇರುವ ಅನುಪಾತ. ಎರಡೂ ಸಮವಾದರೆ ಕೊಟ್ಟಷ್ಟೇ ವೋಲ್ಟೇಜ್ ಬರುತ್ತದೆ. ತುಂಬುವ ಸಮಯ ಎರಡು ಪಾಲು, ಸುರಿಯುವುದು ಒಂದು ಪಾಲಾದರೆ ಎರಡು ಪಟ್ಟು. ತಿರುಗುಮುರುಗಾದರೆ ಅರ್ಧ. ಸುರುಳಿಯ ರೋಧ, ಡಯೋಡಿನ ಖರ್ಚು ಇವುಗಳಿಂದ ಸ್ವಲ್ಪ ಹೆಚ್ಚು ಕಡಿಮೆಯಾಗುವುದನ್ನು ಚಿಪ್ ತಾನೇ ಅಳೆದು ಸರಿದೂಗಿಸುತ್ತದೆ.

ಒಂದೇ ಸ್ವಿಚ್ಚಿನ ಸರಳ ಜೋಡಣೆಯಲ್ಲಿ ಧನ ಋಣ ಅದಲುಬದಲಾಗಿ ಬರುತ್ತವೆ. ಅದನ್ನು ತಪ್ಪಿಸಲು ಈಗಿನ ಚಿಪ್ಪುಗಳಲ್ಲಿ ನಾಲ್ಕು ಸ್ವಿಚ್ಚುಗಳಿರುತ್ತವೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಪಿಎಸ್ 63001 ಎಂಬ ಚಿಪ್ ಉದ್ದಿನ ಕಾಳಿನಷ್ಟು ಇದೆ; 1.8ರಿಂದ 5.5 ವೋಲ್ಟಿನವರೆಗೆ ಏನು ಕೊಟ್ಟರೂ 3.3 ವೋಲ್ಟ್ ಕೊಡುತ್ತದೆ. ಎಲೆಕ್ಟ್ರಾನಿಕ್ಸ್ ಕಲಿಯುವವರ ಕೈಗೆ ಸುಲಭವಾಗಿ ಸಿಗುವುದು ಎಂಸಿ 34063 ಎಂಬ ಹಳೆಯ, ಅಗ್ಗದ ಚಿಪ್. ಅಕ್ಕಪಕ್ಕದ ಬಿಡಿಭಾಗಗಳನ್ನು ಜೋಡಿಸುವ ಬಗೆಗೆ ತಕ್ಕಂತೆ ಅದು ಇಳಿಸುತ್ತದೆ, ಏರಿಸುತ್ತದೆ, ಇಲ್ಲವೇ ಧ್ರುವ ತಿರುಗಿಸುತ್ತದೆ. ಅದರೊಳಗೆ 1.25 ವೋಲ್ಟಿನ ಅಳತೆಗೋಲು ಇದೆ. ಹೊರಗೆ ಎರಡು ರೆಸಿಸ್ಟರುಗಳನ್ನು ಒಂದಕ್ಕೆ ಮೂರರಂತೆ ಇಟ್ಟರೆ 1.25ರ ನಾಲ್ಕು ಪಟ್ಟು, ಅಂದರೆ 5 ವೋಲ್ಟ್ ಬರುವಂತೆ ಸ್ವಿಚ್ಚನ್ನು ತಾನೇ ನಡೆಸುತ್ತದೆ.

ಚಿಪ್ ಆರಿಸಿದ ಮೇಲೆ ವಿನ್ಯಾಸ ಮಾಡುವವರು ಹೆಚ್ಚು ಯೋಚಿಸುವುದು ಸುರುಳಿಯ ಬಗ್ಗೆ. ಸುರುಳಿಯಲ್ಲಿ ಪ್ರವಾಹ ಒಂದು ಸೆಕೆಂಡಿಗೆ ಒಂದು ಆಂಪಿಯರಿನಂತೆ ಬದಲಾದಾಗ ಒಂದು ವೋಲ್ಟ್ ಹುಟ್ಟಿದರೆ ಅದರ ಪ್ರೇರಕತ್ವ ಒಂದು ಹೆನ್ರಿ. ನಮ್ಮ ಪುಟ್ಟ ಚಿಪ್ಪಿಗೆ ಅಷ್ಟು ಬೇಡ. ಸ್ವಿಚ್ ಸೆಕೆಂಡಿಗೆ ಹತ್ತು ಲಕ್ಷ ಸಲ ಬಡಿಯುವುದರಿಂದ 2.2 ಮೈಕ್ರೋಹೆನ್ರಿ ಸಾಕು. ಮೈಕ್ರೋ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಅದಕ್ಕೆ 3 ವೋಲ್ಟನ್ನು ಅರ್ಧ ಮೈಕ್ರೋಸೆಕೆಂಡ್ ಕೊಟ್ಟರೆ ಪ್ರವಾಹ ಸುಮಾರು 0.7 ಆಂಪಿಯರ್ ಏರುತ್ತದೆ. ಮೂರನ್ನು ಅರ್ಧದಿಂದ ಗುಣಿಸಿ 2.2ರಿಂದ ಭಾಗಿಸಿದರೆ ಆಯಿತು, ಹೈಸ್ಕೂಲಿನ ಲೆಕ್ಕ. ಆದರೆ ಪ್ರವಾಹ ಮಿತಿ ಮೀರಿದರೆ ಸುರುಳಿಯ ಒಳಗಿನ ಕಾಂತವಸ್ತು ಇನ್ನು ತುಂಬಲಾರೆ ಎನ್ನುತ್ತದೆ. ಆಗ ಪ್ರವಾಹ ಒಮ್ಮೆಲೇ ಏರಿ ಚಿಪ್ ಸುಡಬಹುದು. ವೋಲ್ಟೇಜ್ ಏರಿಸುವಾಗ ಸುರುಳಿಯಲ್ಲಿ ಹರಿಯುವ ಪ್ರವಾಹ ಹೊರಗೆ ಕೊಡುವುದಕ್ಕಿಂತ ಹೆಚ್ಚಿರುತ್ತದೆ ಎಂಬುದನ್ನು ಲೆಕ್ಕಕ್ಕೆ ತಂದುಕೊಂಡೇ ಸುರುಳಿ ಆರಿಸಬೇಕು. ಪ್ರವಾಹ ಕಡಿದು ಕಡಿದು ಹರಿಯುವ ದಾರಿ ಗಿಡ್ಡವಾಗಿರಬೇಕು, ಕೆಪಾಸಿಟರು ಚಿಪ್ಪಿನ ಪಕ್ಕದಲ್ಲೇ ಕೂರಬೇಕು. ಯಾಕೆಂದರೆ ಉದ್ದ ತಂತಿಯನ್ನು ಕತ್ತರಿಸಿದರೆ ಕಿಡಿ ಬರುತ್ತದೆ ಎಂದು 1832ರಲ್ಲೇ ಹೆನ್ರಿ ಹೇಳಿದ್ದರಲ್ಲ. ಬೋರ್ಡಿನ ಮೇಲಿನ ಸಣ್ಣ ಗೆರೆಯೂ ಅಂಥ ತಂತಿಯೇ.

ಪ್ರಿನ್ಸ್‌ಟನ್ನಿನ ದಿನಗಳು

1830ರಲ್ಲಿ ಹೆನ್ರಿ ತಮ್ಮ ಸೋದರ ಸಂಬಂಧಿ ಹ್ಯಾರಿಯೆಟ್ ಅಲೆಕ್ಸಾಂಡರರನ್ನು ಮದುವೆಯಾದರು. 1832ರಲ್ಲಿ ಪ್ರಿನ್ಸ್‌ಟನ್ನಿನ ಕಾಲೇಜು ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಯಿತು. ಅವರ ಬಳಿ ಕಾಲೇಜು ಪದವಿ ಇರಲಿಲ್ಲ. ಇದ್ದದ್ದು ಕೆಲಸ ಮಾತ್ರ. ಅಲ್ಲಿ ತರಗತಿಯಲ್ಲಿ ಭಾರೀ ತೂಕ ಹೊತ್ತ ವಿದ್ಯುತ್ಕಾಂತವೊಂದನ್ನು ನಿಲ್ಲಿಸಿ, ದೂರದಿಂದ ಸಣ್ಣ ಪ್ರವಾಹ ಕಳಿಸಿ, ಅದರಿಂದ ದೊಡ್ಡ ಸರ್ಕ್ಯೂಟನ್ನು ಕತ್ತರಿಸಿ ತೂಕವನ್ನು ದಡಾರನೆ ಬೀಳಿಸುತ್ತಿದ್ದರು. ಸಣ್ಣ ಪ್ರವಾಹ ದೊಡ್ಡ ಪ್ರವಾಹವನ್ನು ಆಳುವ ಈ ಉಪಾಯವೇ ರಿಲೇ. ನಮ್ಮ ತೋಟದ ಪಂಪ್‌ಸೆಟ್ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದಾಗ ಟಕ್ಕೆಂದು ಸದ್ದು ಮಾಡಿ ಕಾಂಟ್ಯಾಕ್ಟ್ ಹಿಡಿಯುವ ಕಾಯಿಲ್ ಅದರದೇ ವಂಶ. ಪ್ರಯೋಗಶಾಲೆಯಿಂದ ಮನೆಗೆ ತಂತಿ ಎಳೆದು ಮಡದಿಗೆ ಸಂಕೇತ ಕಳಿಸುತ್ತಿದ್ದರು. ಮರಳುವ ದಾರಿಗೆ ಎರಡನೆಯ ತಂತಿಯ ಬದಲು ಭೂಮಿಯನ್ನೇ ಬಳಸಿದ್ದರು.

1838ರ ಹೊತ್ತಿಗೆ ಒಂದು ಸುರುಳಿಯಿಂದ ಪಕ್ಕದ ಸುರುಳಿಗೆ ವಿದ್ಯುತ್ ದಾಟಿಸುವಾಗ ಸುತ್ತುಗಳನ್ನು ಹೆಚ್ಚು ಕಡಿಮೆ ಮಾಡಿ ವಿಭವ ಏರಿಸಬಹುದು, ಇಳಿಸಬಹುದು ಎಂದು ತೋರಿಸಿದರು. ಊರ ಹೊರಗಿನ ಟ್ರಾನ್ಸ್‌ಫಾರ್ಮರ್ ನಿಂತಿರುವುದು ಈ ತತ್ವದ ಮೇಲೆ. 1842ರಲ್ಲಿ ಲೈಡನ್ ಜಾಡಿಯ ವಿದ್ಯುತ್ ಒಂದೇ ದಿಕ್ಕಿಗೆ ಹರಿದು ನಿಲ್ಲುವುದಿಲ್ಲ, ಹಿಂದಕ್ಕೂ ಮುಂದಕ್ಕೂ ತೂಗಾಡಿ ಶಾಂತವಾಗುತ್ತದೆ ಎಂದು ವಿವರಿಸಿದರು. ಮೈಲಿಗಳ ದೂರದ ಮಿಂಚು ಮನೆಯೊಳಗಿನ ಸೂಜಿಯನ್ನು ಕಾಂತವಾಗಿಸುವುದನ್ನೂ ಕಂಡರು. ರೇಡಿಯೊ ಬರುವುದಕ್ಕೆ ಅರ್ಧ ಶತಮಾನ ಮೊದಲಿನ ಮಾತಿದು. ಈ ಪ್ರಯೋಗಗಳಲ್ಲಿ ಅವರ ಬಲಗೈಯಾಗಿದ್ದವರು ಸ್ಯಾಮ್ ಪಾರ್ಕರ್ ಎಂಬ ಆಫ್ರಿಕನ್ ಮೂಲದ ಸಹಾಯಕ. ಬ್ಯಾಟರಿಯ ಆಮ್ಲ ಬೆರೆಸುವುದರಿಂದ ಹಿಡಿದು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ಅವರು. ಪುಸ್ತಕಗಳಲ್ಲಿ ಅವರ ಹೆಸರು ಕಾಣುವುದು ಅಪರೂಪ.

ಟೆಲಿಗ್ರಾಫಿನ ಜಗಳ

ಸ್ಯಾಮ್ಯುಯೆಲ್ ಮೋರ್ಸ್ ವೃತ್ತಿಯಿಂದ ಚಿತ್ರಕಾರರು. ಟೆಲಿಗ್ರಾಫ್ ಕಟ್ಟಲು ಹೊರಟಾಗ ಅವರ ಉಪಕರಣ ಕೆಲವು ಅಡಿ ದೂರಕ್ಕಿಂತ ಆಚೆ ನಡೆಯಲಿಲ್ಲ. ಸಹೋದ್ಯೋಗಿ ಲಿಯೊನಾರ್ಡ್ ಗೇಲ್ ಹೆನ್ರಿಯವರ 1831ರ ಲೇಖನ ಓದಿದ್ದರು. ಅದರಂತೆ ಬ್ಯಾಟರಿಯ ಕೋಶಗಳನ್ನೂ ಸುರುಳಿಯ ಸುತ್ತುಗಳನ್ನೂ ಹೆಚ್ಚಿಸಿದ ಮೇಲೆ ಸಂಕೇತ ಮೈಲಿಗಟ್ಟಲೆ ಹೋಯಿತು. ಹೆನ್ರಿ ಕೇಳಿದಾಗಲೆಲ್ಲ ಸಲಹೆ ಕೊಟ್ಟರು, ಸರ್ಕಾರದ ನೆರವು ಸಿಗಲೆಂದು ಮೋರ್ಸ್ ಪರವಾಗಿ ಪತ್ರ ಬರೆದರು. 1844ರಲ್ಲಿ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ತಂತಿ ಸುದ್ದಿ ಹರಿಯಿತು. ಮರುವರ್ಷ ಮೋರ್ಸರ ಜೊತೆಗಾರ ಬರೆದ ಟೆಲಿಗ್ರಾಫ್ ಚರಿತ್ರೆಯಲ್ಲಿ ಹೆನ್ರಿಗೆ ಸಲ್ಲಬೇಕಾದ ಸ್ಥಾನ ಸಿಗಲಿಲ್ಲ.

ಪೇಟೆಂಟ್ ವ್ಯಾಜ್ಯದಲ್ಲಿ 1849ರಲ್ಲಿ ಹೆನ್ರಿ ಸಾಕ್ಷಿ ಹೇಳಬೇಕಾಯಿತು. ಮೋರ್ಸರ ಯಂತ್ರದ ಹಿರಿಮೆಯನ್ನು ಒಪ್ಪಿ, ಅದರ ಹಿಂದಿನ ವಿಜ್ಞಾನ ಅವರದಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದರು. ಮೋರ್ಸ್ 1855ರಲ್ಲಿ ಕಟುವಾದ ಲೇಖನ ಪ್ರಕಟಿಸಿ ಹೆನ್ರಿಯವರ ಸತ್ಯಸಂಧತೆಯನ್ನೇ ಪ್ರಶ್ನಿಸಿದರು. ಹೆನ್ರಿ ಬೀದಿಜಗಳಕ್ಕಿಳಿಯದೆ, ತಾವು ಕೆಲಸ ಮಾಡುತ್ತಿದ್ದ ಸಂಸ್ಥೆಯ ಆಡಳಿತ ಮಂಡಳಿಯೇ ವಿಚಾರಣೆ ನಡೆಸಲಿ ಎಂದು ಕೇಳಿಕೊಂಡರು. ಮಂಡಳಿ ದಾಖಲೆಗಳನ್ನೆಲ್ಲ ನೋಡಿ ಹೆನ್ರಿಯವರ ಮಾತು ಸರಿ ಎಂದಿತು. ತಮ್ಮ ಯಾವ ಶೋಧಕ್ಕೂ ಅವರು ಪೇಟೆಂಟ್ ಪಡೆಯಲಿಲ್ಲ. ಕಂಡ ಸತ್ಯ ಎಲ್ಲರಿಗೂ ಸೇರಿದ್ದು ಎಂಬುದು ಅವರ ನಿಲುವು. ಮೋರ್ಸ್ ಶ್ರೀಮಂತರಾದರು, ಹೆನ್ರಿ ಸಂಬಳದವರಾಗಿಯೇ ಉಳಿದರು.

ಸ್ಮಿತ್ಸೋನಿಯನ್ನಿನ ಕಾರ್ಯದರ್ಶಿ

ಜೇಮ್ಸ್ ಸ್ಮಿತ್ಸನ್ ಎಂಬ ಇಂಗ್ಲಿಷ್ ವಿಜ್ಞಾನಿ ತಾವು ಎಂದೂ ಕಾಣದ ಅಮೆರಿಕಕ್ಕೆ ಐದು ಲಕ್ಷ ಡಾಲರಿಗೂ ಹೆಚ್ಚು ಆಸ್ತಿಯನ್ನು ಜ್ಞಾನಪ್ರಸಾರಕ್ಕಾಗಿ ಬಿಟ್ಟುಹೋಗಿದ್ದರು. ಆ ಹಣದಿಂದ 1846ರಲ್ಲಿ ವಾಷಿಂಗ್ಟನ್ನಿನಲ್ಲಿ ಸ್ಮಿತ್ಸೋನಿಯನ್ ಸಂಸ್ಥೆ ಹುಟ್ಟಿತು. ಅದರ ಮೊದಲ ಕಾರ್ಯದರ್ಶಿಯಾಗಿ ಹೆನ್ರಿ ಹೋದರು. ತಮ್ಮ ಪ್ರಯೋಗಗಳನ್ನು ಬಹುಮಟ್ಟಿಗೆ ಬಿಟ್ಟು, ಬೇರೆಯವರ ಸಂಶೋಧನೆಗೆ ದಾರಿ ಮಾಡಿಕೊಡುವುದೇ ಮುಂದಿನ 32 ವರ್ಷಗಳ ಕೆಲಸವಾಯಿತು. ಸಂಬಳ ಹೆಚ್ಚಿಸುತ್ತೇವೆಂದರೂ ಒಪ್ಪಲಿಲ್ಲ.

ದೇಶದ ಮೂಲೆಮೂಲೆಯ ರೈತರು, ಶಿಕ್ಷಕರು, ವೈದ್ಯರು ಸಂಬಳವಿಲ್ಲದೆ ಮಳೆ, ಗಾಳಿ, ಉಷ್ಣತೆ ಅಳೆದು ಕಳಿಸುವ ವ್ಯವಸ್ಥೆಯನ್ನು ಅವರು ಕಟ್ಟಿದರು. ಟೆಲಿಗ್ರಾಫಿನಲ್ಲಿ ಬಂದ ವರದಿಗಳಿಂದ ದಿನದಿನದ ಹವಾಮಾನ ನಕ್ಷೆಯನ್ನು ಸಂಸ್ಥೆಯ ಸಭಾಂಗಣದಲ್ಲಿ ತೂಗುಹಾಕಿಸಿದರು. ಅಮೆರಿಕದ ಹವಾಮಾನ ಇಲಾಖೆಯ ಬೇರು ಅದು. ದೀಪಸ್ತಂಭ ಮಂಡಳಿಯ ಸದಸ್ಯರಾಗಿ, ದುಬಾರಿಯಾದ ತಿಮಿಂಗಿಲದ ಎಣ್ಣೆಯ ಬದಲು ಅಗ್ಗದ ಹಂದಿಕೊಬ್ಬಿನ ಎಣ್ಣೆಯನ್ನು ಉರಿಸುವ ಬಗೆ ಕಂಡುಹಿಡಿದರು. 1865ರ ಜನವರಿಯಲ್ಲಿ ಸಂಸ್ಥೆಗೆ ಬೆಂಕಿ ಬಿದ್ದು ಅವರ ಜೀವಮಾನದ ಪತ್ರಗಳಲ್ಲಿ ಬಹುಪಾಲು ಸುಟ್ಟುಹೋದವು. ಅದಕ್ಕೂ ಮುಂಚೆ, 1862ರಲ್ಲಿ, ಒಬ್ಬನೇ ಮಗ ವಿಲಿಯಂ ತೀರಿಕೊಂಡಿದ್ದ.

ದೊಡ್ಡವರ ಬದುಕಿನಲ್ಲೂ ಕುಂದುಗಳಿರುತ್ತವೆ. ಅದೇ 1862ರಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಫ್ರೆಡರಿಕ್ ಡಗ್ಲಾಸ್ ಅವರು ಸಂಸ್ಥೆಯ ಸಭಾಂಗಣದಲ್ಲಿ ಮಾತನಾಡಲು ಹೆನ್ರಿ ಅವಕಾಶ ಕೊಡಲಿಲ್ಲ. ಪಾರ್ಕರ್ ಅವರ ಕೈಗಳನ್ನು ನೆಚ್ಚಿ ಪ್ರಯೋಗ ಮಾಡಿದ ವ್ಯಕ್ತಿಯೇ ಹೀಗೆ ನಡೆದುಕೊಂಡರು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಅವರೊಳಗಿನ ಮೇಷ್ಟ್ರು ಮಾತ್ರ ಕೊನೆಯವರೆಗೂ ಜೀವಂತ. 1875ರ ಮಾರ್ಚಿನಲ್ಲಿ 28ರ ಹೊಸ್ತಿಲಲ್ಲಿದ್ದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರನ್ನು ಹುಡುಕಿಕೊಂಡು ಬಂದರು. ತಂತಿಯ ಮೂಲಕ ಮಾತು ಕಳಿಸುವ ಆಲೋಚನೆ ಹೇಳಿ, ಅದನ್ನು ಮುಂದುವರಿಸಲು ಬೇಕಾದ ವಿದ್ಯುತ್ತಿನ ಜ್ಞಾನ ತಮ್ಮಲ್ಲಿಲ್ಲ ಎಂದು ಅಳಲು ತೋಡಿಕೊಂಡರು. ಎಪ್ಪತ್ತೇಳರ ಹೆನ್ರಿ ಕೊಟ್ಟ ಉತ್ತರ ಚಿಕ್ಕದು: ಇಲ್ಲದಿದ್ದರೆ ಸಂಪಾದಿಸಿಕೊಳ್ಳಬೇಕು ಅಷ್ಟೆ ಎಂಬ ಅರ್ಥದ ಮಾತು. ಆ ಮಾತು ಸಿಗದಿದ್ದರೆ ತಾನು ಮುಂದುವರಿಯುತ್ತಿರಲಿಲ್ಲ ಎಂದು ಬೆಲ್ ನೆನೆಸಿಕೊಂಡಿದ್ದಾರೆ. ಮರುವರ್ಷ ಟೆಲಿಫೋನ್ ಮಾತಾಡಿತು.

1878ರ ಮೇ 13ರಂದು ಹೆನ್ರಿ ವಾಷಿಂಗ್ಟನ್ನಿನಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರಕ್ಕೆ ದೇಶದ ಅಧ್ಯಕ್ಷರೇ ಬಂದಿದ್ದರು. 1893ರಲ್ಲಿ ಶಿಕಾಗೊ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಪ್ರೇರಕತ್ವದ ಮಾನಕ್ಕೆ ಅವರ ಹೆಸರಿಟ್ಟಿತು. ಫ್ಯಾರಡೆಯ ಹೆಸರು ಕೆಪಾಸಿಟರಿಗೆ, ಹೆನ್ರಿಯ ಹೆಸರು ಸುರುಳಿಗೆ. ಬದುಕಿದ್ದಾಗ ಒಂದೇ ಶೋಧಕ್ಕಾಗಿ ಹಿಂದುಮುಂದಾದ ಈ ಇಬ್ಬರು ಇಂದು ಪ್ರತಿಯೊಂದು ಬಕ್-ಬೂಸ್ಟ್ ಸರ್ಕ್ಯೂಟಿನಲ್ಲೂ ಅಕ್ಕಪಕ್ಕ ಕೂತು ಒಬ್ಬರು ತುಂಬಿಕೊಟ್ಟದ್ದನ್ನು ಇನ್ನೊಬ್ಬರು ಹಿಡಿದಿಟ್ಟುಕೊಳ್ಳುತ್ತಾರೆ.

ಆಲ್ಬನಿ ಅಕಾಡೆಮಿಯ ಹಳೆಯ ಕಟ್ಟಡ ಈಗಲೂ ಇದೆ. ಅದರ ಮುಂದೆ ಹೆನ್ರಿಯವರ ಪ್ರತಿಮೆ ಇದೆ. ಅರವತ್ತು ಹುಡುಗರಿಗೆ ಅಂಕಗಣಿತ ಕಲಿಸುತ್ತಿದ್ದ ಕೊಠಡಿಯಿಂದ ಇಷ್ಟು ದೊಡ್ಡ ಬೆಳಕು ಬಂತು ಎಂಬುದನ್ನು ನೆನೆದರೆ, ನಮ್ಮ ಶಾಲೆಯ ವಿಜ್ಞಾನದ ಕೊಠಡಿಯನ್ನೂ ಸಣ್ಣದೆಂದು ತಿಳಿಯಬೇಕಾಗಿಲ್ಲ. ಆ ಕೊಠಡಿಯ ಬೀಗ ರಜೆಯಲ್ಲೂ ತೆರೆದು, ಒಂದಿಷ್ಟು ತಂತಿ, ಕೆಲವು ಬ್ಯಾಟರಿ, ಒಂದು ಅಳತೆಯ ಮೀಟರು ಮಕ್ಕಳ ಕೈಗೆ ಸಿಗುವಂತೆ ಮಾಡುವುದು ಹಳೆಯ ವಿದ್ಯಾರ್ಥಿಗಳಾದ ನಮ್ಮಿಂದ ಆಗಬಹುದಾದ ಕೆಲಸ. ಮಕ್ಕಳಿಗೆ ಹೇಳುವುದಿಷ್ಟೆ: ಕಂಡದ್ದನ್ನು ಆ ದಿನವೇ ಬರೆದಿಡಿ, ಬರೆದದ್ದನ್ನು ನಿಮ್ಮ ಮೇಷ್ಟ್ರಿಗೆ ತೋರಿಸಿ. ಮುಂದಿನ ಆಗಸ್ಟಿಗೆ ಎಂದು ಇಟ್ಟುಕೊಳ್ಳಬೇಡಿ.